ನೀರು ತೆಗೆದು ಕಟ್ಟಿದ್ದು, ನೀರು ಕೊಟ್ಟು ಬಿಚ್ಚಿದ್ದು

ದಾವಣಗೆರೆಯಲ್ಲಿ ಬೆಣ್ಣೆದೋಸೆಯ ಹಿಟ್ಟಿಗೆ ಅಕ್ಕಿ ಮತ್ತು ಉದ್ದಿನಬೇಳೆಯ ಜೊತೆಗೆ ಒಂದಷ್ಟು ಮಂಡಕ್ಕಿಯನ್ನೂ ಸೇರಿಸಿ ರುಬ್ಬುವ ರೂಢಿಯಿದೆ. ರಾತ್ರಿಯೆಲ್ಲ ಹುಳಿಬಂದು ಉಬ್ಬಿದ ಆ ಹಿಟ್ಟನ್ನು ಬೆಳಿಗ್ಗೆ ಸೌದೆ ಒಲೆಯ ಮೇಲೆ ಕಾದ ಹೆಂಚಿಗೆ ಹುಯ್ದು, ಮೇಲೆ ಧಾರಾಳವಾಗಿ ಬೆಣ್ಣೆ ಹಾಕಿ, ಆಲೂಗಡ್ಡೆ ಪಲ್ಯ ಮತ್ತು ಕಾಯಿಚಟ್ನಿಯೊಡನೆ ತಟ್ಟೆಗೆ ಕೊಡುವಾಗ, ಜೀವಿಗಳ ಮೈಯನ್ನು ಕಟ್ಟಿರುವ ಸಂಯುಕ್ತಗಳ ನಾಲ್ಕು ದೊಡ್ಡ ಮನೆತನಗಳೂ ಅಲ್ಲಿ ಬಂದು ಕೂತಿರುತ್ತವೆ. ಅಕ್ಕಿಯ ಪಿಷ್ಟ ಕಾರ್ಬೋಹೈಡ್ರೇಟು, ಬೆಣ್ಣೆ ಲಿಪಿಡ್ಡು, ಉದ್ದಿನಲ್ಲಿ ಹೇರಳವಾಗಿರುವುದು ಪ್ರೋಟೀನು. ಇವೆಲ್ಲ ಒಂದು ಕಾಲಕ್ಕೆ ಗಿಡದ ಅಥವಾ ಎಮ್ಮೆಯ ಜೀವಕೋಶಗಳಿಂದ ಬಂದವಾದ್ದರಿಂದ ಆ ಕೋಶಗಳ ನ್ಯೂಕ್ಲಿಕ್ ಆಮ್ಲಗಳ ಚೂರುಪಾರೂ ಜೊತೆಗಿರುತ್ತವೆ.

ಪಠ್ಯಪುಸ್ತಕಗಳು ಈ ನಾಲ್ಕನ್ನೂ ನಾಲ್ಕು ಅಧ್ಯಾಯಗಳಲ್ಲಿ ಬೇರೆಬೇರೆಯಾಗಿ ಇಡುತ್ತವೆ. ವಿದ್ಯಾರ್ಥಿಗಳು ಅವನ್ನು ಬೇರೆಬೇರೆಯಾಗಿಯೇ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಬೇರೆಬೇರೆಯಾಗಿಯೇ ಮರೆಯುತ್ತಾರೆ. ಹೀಗೆ ಹೋಳು ಮಾಡಿ ಕಲಿಸುವುದರಿಂದ ಇಡೀ ವಿಷಯದ ಜೀವಾಳವೇ ಕೈತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ನಾಲ್ಕು ಮನೆತನಗಳ ಅಣುಗಳೂ ಚಿಕ್ಕಚಿಕ್ಕ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದವು. ಜೋಡಿಸುವ ಉಪಾಯವೂ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ. ಎರಡು ತುಂಡುಗಳು ಕೂಡುವ ಜಾಗದಲ್ಲಿ ಒಂದರಿಂದ ಜಲಜನಕದ ಒಂದು ಪರಮಾಣುವನ್ನೂ ಇನ್ನೊಂದರಿಂದ ಜಲಜನಕ ಮತ್ತು ಆಮ್ಲಜನಕದ ಒಂದು ಜೋಡಿಯನ್ನೂ ಕಿತ್ತು ತೆಗೆದರೆ, ಕಿತ್ತದ್ದೆಲ್ಲ ಸೇರಿ ನೀರಿನ ಒಂದು ಅಣುವಾಗಿ ಹೊರಹೋಗುತ್ತದೆ, ಉಳಿದ ತುಂಡುಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಬೆಸುಗೆಯನ್ನು ಬಿಡಿಸಬೇಕಾದಾಗ ಅದೇ ನೀರನ್ನು ಅದೇ ಜಾಗಕ್ಕೆ ಮರಳಿ ಕೊಡಬೇಕು. ಕಟ್ಟುವಾಗ ನೀರು ತೆಗೆ, ಬಿಚ್ಚುವಾಗ ನೀರು ಕೊಡು ಎಂಬ ಈ ಒಂದು ವ್ಯವಹಾರವನ್ನು ಬೆನ್ನುಹಿಡಿದು ಹೋದರೆ ನಾಲ್ಕು ಅಧ್ಯಾಯಗಳೂ ಒಂದೇ ಕಥೆಯಂತೆ ತೆರೆದುಕೊಳ್ಳುತ್ತವೆ.

ಅದಕ್ಕೂ ಮೊದಲು ಕಚ್ಚಾ ಸಾಮಗ್ರಿಯ ಮಾತನ್ನು ಮುಗಿಸಬೇಕು. ಮನುಷ್ಯನ ದೇಹದ ತೂಕದಲ್ಲಿ ಸುಮಾರು ಶೇ 65ರಷ್ಟು ಆಮ್ಲಜನಕ, ಶೇ 18ರಷ್ಟು ಇಂಗಾಲ, ಶೇ 10ರಷ್ಟು ಜಲಜನಕ, ಶೇ 3ರಷ್ಟು ಸಾರಜನಕ ಇವೆ. ಈ ನಾಲ್ಕೇ ಮೂಲಧಾತುಗಳು ಸೇರಿ ಶೇ 96 ಆದವು. ಉಳಿದುದರಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಮುಖ್ಯವಾದವು, ಅವುಗಳ ಹೆಚ್ಚಿನ ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಕುಡಿದವರ ಹಲ್ಲುಗಳಲ್ಲಿ ಕಾಣುವ ಕಂದು ಕಲೆಗಳು, ಈ ಕ್ಯಾಲ್ಸಿಯಂ–ರಂಜಕದ ಹರಳಿನೊಳಕ್ಕೆ ನೀರಿನಲ್ಲಿರುವ ಫ್ಲೋರೈಡು ನುಗ್ಗಿ ಜಾಗ ಹಿಡಿದುದರ ಗುರುತು. ಆಮ್ಲಜನಕದ ಪಾಲು ಅಷ್ಟು ದೊಡ್ಡದಾಗಿರಲು ಕಾರಣ, ವಯಸ್ಕರ ದೇಹದ ಶೇ 60ರಷ್ಟು ತೂಕ ನೀರೇ ಆಗಿರುವುದು.

ಇಂಗಾಲ ಪ್ರಮಾಣದಲ್ಲಿ ಎರಡನೆಯದು, ಆದರೆ ಕಟ್ಟಡದ ಅಸ್ಥಿಪಂಜರ ಅದೇ. ಅದರ ಒಂದು ಪರಮಾಣು ನಾಲ್ಕು ಬಂಧಗಳನ್ನು ಮಾಡಬಲ್ಲದು, ತನ್ನಂತಹ ಇನ್ನೊಂದು ಇಂಗಾಲದ ಕೈಯನ್ನೂ ಗಟ್ಟಿಯಾಗಿ ಹಿಡಿಯಬಲ್ಲದು. ಆದ್ದರಿಂದ ಉದ್ದನೆಯ ಸರಪಣಿ, ಕವಲು, ಉಂಗುರ ಎಲ್ಲವೂ ಅದರಿಂದ ಸಾಧ್ಯ. ಮೂಲಧಾತುಗಳ ಕೋಷ್ಟಕದಲ್ಲಿ ಇಂಗಾಲದ ನೇರ ಕೆಳಗಿರುವ ಸಿಲಿಕಾನಿಗೂ ನಾಲ್ಕೇ ಕೈಗಳು, ಮತ್ತು ಭೂಮಿಯ ಹೊರಪದರದಲ್ಲಿ ಅದು ಇಂಗಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದೆ. ಆದರೂ ಜೀವ ಅದನ್ನು ಆರಿಸಿಕೊಳ್ಳಲಿಲ್ಲ. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ನೋಡಿದರೆ ಕಾರಣ ಅರ್ಥವಾಗುತ್ತದೆ: ಸಿಲಿಕಾನು ಆಮ್ಲಜನಕದೊಡನೆ ಕೂಡಿತೆಂದರೆ ನಾಲ್ಕೂ ಕಡೆಯಿಂದ ಬಿಗಿದುಕೊಂಡು ಕಲ್ಲಾಗುತ್ತದೆ, ಅಲ್ಲಿಂದ ಅದನ್ನು ಎಬ್ಬಿಸುವುದು ಕಷ್ಟ. ಇಂಗಾಲ ಆಮ್ಲಜನಕದೊಡನೆ ಕೂಡಿದರೆ ಗಾಳಿಯಲ್ಲಿ ತೇಲುವ, ನೀರಿನಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಎಲೆಯೊಂದು ಅದನ್ನು ಹಿಡಿದು ಮತ್ತೆ ಬಳಕೆಗೆ ತರಬಲ್ಲದು.

ಎಲೆ ಬಿಸಿಲಿನ ಬಲದಿಂದ ಹಾಗೆ ಮಾಡಿದ ಸಕ್ಕರೆಗಳಲ್ಲಿ ಗ್ಲೂಕೋಸಿನದು ಪ್ರಧಾನ ಸ್ಥಾನ. ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳುಳ್ಳ ಇದು ನೀರಿನಲ್ಲಿ ಸುಲಭವಾಗಿ ಕರಗುವ ಸಣ್ಣ ಅಣು. ಕರಗುವ ವಸ್ತುವನ್ನು ಕಾಳಿನಲ್ಲಿ ಕೂಡಿಡುವುದು ಗಿಡಕ್ಕೆ ತೊಡಕಿನ ಕೆಲಸ, ಏಕೆಂದರೆ ಸಕ್ಕರೆ ಹೆಚ್ಚಿದಂತೆಲ್ಲ ಅದು ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಗಿಡ ಎರಡು ಗ್ಲೂಕೋಸುಗಳ ನಡುವಿನಿಂದ ಒಂದು ನೀರನ್ನು ತೆಗೆದು ಜೋಡಿಸುತ್ತದೆ, ಅದಕ್ಕೆ ಮೂರನೆಯದನ್ನು, ನಾಲ್ಕನೆಯದನ್ನು, ಹೀಗೆ ನೂರಾರು ಸಾವಿರಾರು ಗ್ಲೂಕೋಸುಗಳನ್ನು ಪೋಣಿಸಿ ಪಿಷ್ಟವನ್ನಾಗಿ ಮಾಡಿ ಒಣಗಿಸಿಡುತ್ತದೆ. ದಾವಣಗೆರೆ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿಕೊಂಡಿರುವುದನ್ನು ಕಂಡು ಬೈದುಕೊಳ್ಳುವ ವಾಹನ ಸವಾರರಲ್ಲಿ ನಾನೂ ಒಬ್ಬ. ಆದರೆ ರೈತ ಅಲ್ಲಿ ಮಾಡುತ್ತಿರುವುದು ಗಿಡ ಅರ್ಧಕ್ಕೆ ಬಿಟ್ಟ ಕೆಲಸದ ಮುಂದುವರಿಕೆಯೇ. ಕಾಳಿನ ತೇವಾಂಶ ಶೇ 14ರ ಆಸುಪಾಸಿಗೆ ಇಳಿಯದಿದ್ದರೆ, ಉಳಿದ ನೀರನ್ನು ಬಳಸಿಕೊಂಡು ಬೂಷ್ಟಿನ ಕಿಣ್ವಗಳೋ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತುಗಳು) ಕಾಳಿನದೇ ಕಿಣ್ವಗಳೋ ಪಿಷ್ಟದ ಬೆಸುಗೆಗಳನ್ನು ಬಿಡಿಸತೊಡಗುತ್ತವೆ. ರಾಶಿ ಬಿಸಿಯಾಗುತ್ತದೆ, ಮೊಳಕೆಯೊಡೆಯುತ್ತದೆ, ಇಲ್ಲವೇ ಕೆಡುತ್ತದೆ.

ಮಂಡಕ್ಕಿಯ ಭಟ್ಟಿಯಲ್ಲಿ ನಡೆಯುವುದು ಇನ್ನೂ ಸ್ವಾರಸ್ಯಕರ. ಕಾದ ಮರಳಿನಲ್ಲಿ ಹುರಿದಾಗ ಅಕ್ಕಿಯೊಳಗೆ ಉಳಿದಿದ್ದ ಅಲ್ಪಸ್ವಲ್ಪ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ಬಿಗಿಯಾಗಿ ಒತ್ತೊತ್ತಾಗಿ ಕೂತಿದ್ದ ಪಿಷ್ಟದ ಸರಪಣಿಗಳು ಸಡಿಲಗೊಳ್ಳುತ್ತವೆ. ಹಾಗೆ ಸಡಿಲಗೊಂಡ ಪಿಷ್ಟದ ಸಂದುಗಳಿಗೆ ಕಿಣ್ವಗಳು ಬೇಗ ತಲುಪಬಲ್ಲವು. ಒಗ್ಗರಣೆ ಹಾಕದ ಬರಿಯ ಮಂಡಕ್ಕಿಯನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಸಿಹಿ ತಿಳಿಯುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಒಂದೊಂದು ಬೆಸುಗೆಗೂ ಒಂದೊಂದು ನೀರನ್ನು ಕೊಟ್ಟು ಅದನ್ನು ಎರಡೆರಡು ಗ್ಲೂಕೋಸಿನ ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತಿರುವುದರ ರುಚಿ ಅದು.

ಇನ್ನು ಅದೇ ಗ್ಲೂಕೋಸಿನಿಂದ ಕಟ್ಟಿದ, ಆದರೆ ಎಷ್ಟು ಅಗಿದರೂ ಸಿಹಿಯಾಗದ ವಸ್ತುವೊಂದಿದೆ. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ್ದ ಹತ್ತಿ ಗಿರಣಿಗಳು ನೂತದ್ದು ಅದನ್ನೇ. ಹತ್ತಿಯ ಎಳೆಯ ಬಹುಪಾಲು ಸೆಲ್ಯುಲೋಸ್, ಸೆಲ್ಯುಲೋಸೆಂದರೆ ಗ್ಲೂಕೋಸಿನ ಸರ. ಪಿಷ್ಟದಲ್ಲಿ ಗ್ಲೂಕೋಸುಗಳೆಲ್ಲ ಒಂದೇ ಮುಖ ಮಾಡಿ ಪೋಣಿಸಿಕೊಂಡಿರುವುದರಿಂದ ಸರಪಣಿ ಸುರುಳಿಯಾಗಿ ಬಳುಕುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಗ್ಲೂಕೋಸು ಮಗುಚಿಕೊಂಡು ಕೂತಿರುತ್ತದೆ, ಆದ್ದರಿಂದ ಸರಪಣಿ ನೆಟ್ಟಗೆ ಚಾಚಿಕೊಂಡು ಪಕ್ಕದ ಸರಪಣಿಗಳಿಗೆ ಅಂಟಿ ಗಟ್ಟಿ ನಾರಾಗುತ್ತದೆ. ಸಾಮಗ್ರಿ ಒಂದೇ, ತೆಗೆದ ನೀರೂ ಒಂದೇ, ಬೇರೆಯಾದದ್ದು ಬೆಸುಗೆಯ ಓರೆ ಮಾತ್ರ. ಮನೆಯ ಔಷಧಿ ಡಬ್ಬಿಯಲ್ಲಿ ಟಿಂಕ್ಚರ್ ಅಯೋಡಿನ್ ಇದ್ದರೆ ಈ ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದು. ಗಾಯಕ್ಕೆ ಹಚ್ಚಲೆಂದು ಅದನ್ನು ಹತ್ತಿಯ ಮೇಲೆ ಹಾಕಿದಾಗ ಹತ್ತಿ ಕಂದಾಗಿಯೇ ಇರುತ್ತದೆ. ಅದೇ ಒಂದು ಹನಿಯನ್ನು ಮಂಡಕ್ಕಿಯ ಮೇಲೆ ಹಾಕಿದರೆ ಕಡುನೀಲಿಯಾಗಿ ಕಪ್ಪಿಡುತ್ತದೆ. ಪಿಷ್ಟದ ಸುರುಳಿಯ ಕೊಳವೆಯೊಳಗೆ ಅಯೋಡಿನ್ ಹೋಗಿ ಕೂರುವುದರಿಂದ ಬರುವ ಬಣ್ಣವದು, ಸೆಲ್ಯುಲೋಸಿನಲ್ಲಿ ಅಂತಹ ಕೊಳವೆಯಿಲ್ಲ.

ನಮ್ಮ ಅಮೈಲೇಸಿಗೆ ಮಗುಚಿದ ಬೆಸುಗೆ ಕೈಗೆ ಹತ್ತುವುದಿಲ್ಲ. ಆದ್ದರಿಂದಲೇ ಮೆಕ್ಕೆಜೋಳದ ಕಾಳು ಮನುಷ್ಯರ ಪಾಲಿಗೂ ಸೊಪ್ಪೆ ದನಗಳ ಪಾಲಿಗೂ ಹೋಗುತ್ತದೆ. ದನಗಳಿಗೂ ಸ್ವಂತ ಶಕ್ತಿಯಿಂದ ಸೊಪ್ಪೆ ಅರಗುವುದಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು: ಅವುಗಳ ಮೊದಲ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಬಳಿ ಸೆಲ್ಯುಲೋಸಿನ ಬೆಸುಗೆಗೆ ನೀರು ಕೊಡಬಲ್ಲ ಕಿಣ್ವಗಳಿವೆ, ದನ ಆ ಕೆಲಸಗಾರರಿಗೆ ಬೆಚ್ಚನೆಯ ಜಾಗ ಕೊಟ್ಟು ದುಡಿಮೆಯ ಫಲ ಪಡೆಯುತ್ತದೆ.

ಆ ಫಲದ ಒಂದು ಭಾಗ ಬೆಣ್ಣೆಯಾಗಿ ದೋಸೆಯ ಮೇಲೆ ಬರುತ್ತದೆ. ಬೆಣ್ಣೆಯ ಐದರಲ್ಲಿ ನಾಲ್ಕು ಭಾಗ ಕೊಬ್ಬು, ಶೇ 16ರಷ್ಟು ನೀರು. ಕಾದ ಹೆಂಚಿಗೆ ಬೆಣ್ಣೆ ಬಿದ್ದಾಗ ಚುರ್ರೆನ್ನುವುದು ಕೊಬ್ಬಲ್ಲ, ಈ ನೀರು. ತುಪ್ಪ ಕಾಯಿಸುವವರು ಸದ್ದು ನಿಂತಿತೆಂದರೆ ಪಾತ್ರೆ ಇಳಿಸುವುದು ಇದೇ ಕಾರಣಕ್ಕೆ. ಕೊಬ್ಬಿನ ಅಣುವಿನ ರಚನೆಯನ್ನು ಮೊದಲು ಬಿಡಿಸಿ ತೋರಿಸಿದವನು ಫ್ರಾನ್ಸಿನ ಮಿಷೆಲ್ ಷೆವ್ರಲ್. 1786ರಲ್ಲಿ ಹುಟ್ಟಿ 1889ರವರೆಗೆ, ಅಂದರೆ 102 ವರ್ಷ ಬದುಕಿದ್ದ ಈತ ತನ್ನ ಯೌವನದ ವರ್ಷಗಳನ್ನು ಕೊಬ್ಬು ಮತ್ತು ಸಾಬೂನಿನ ಮೇಲೆಯೇ ಕಳೆದು, ಕೊಬ್ಬೆಂದರೆ ಗ್ಲಿಸರಾಲ್ ಎಂಬ ಮೂರು ಇಂಗಾಲದ ಪುಟ್ಟ ಅಣುವಿಗೆ ಕೊಬ್ಬಿನಾಮ್ಲಗಳು ಕೂಡಿ ಆದದ್ದು ಎಂಬ ತಿಳಿವಿಗೆ ದಾರಿ ಮಾಡಿದ. ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು, ಮೂರು ಬೆಸುಗೆಗಳು, ಹೊರಹೋಗುವ ಮೂರು ನೀರುಗಳು.

ಬೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನಾಲ್ಕೇ ಇಂಗಾಲಗಳಿರುವ ಬ್ಯುಟಿರಿಕ್ ಆಮ್ಲವೂ ಒಂದು. ಬೆಣ್ಣೆಯ ಲ್ಯಾಟಿನ್ ಹೆಸರಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಗ್ಲಿಸರಾಲಿಗೆ ಬೆಸೆದುಕೊಂಡಿರುವಷ್ಟು ಕಾಲ ಅದು ಸಭ್ಯವಾಗಿರುತ್ತದೆ. ಬೆಣ್ಣೆಯನ್ನು ದಿನಗಟ್ಟಲೆ ಹೊರಗಿಟ್ಟರೆ ಅದರಲ್ಲಿರುವ ನೀರೇ ಕಿಣ್ವಗಳ ನೆರವಿನಿಂದ ಆ ಬೆಸುಗೆಯನ್ನು ಬಿಡಿಸುತ್ತದೆ, ಬಿಡುಗಡೆಯಾದ ಆಮ್ಲ ಮೂಗು ಮುಚ್ಚಿಕೊಳ್ಳುವಂತೆ ನಾರುತ್ತದೆ. ತುಪ್ಪ ತಿಂಗಳುಗಟ್ಟಲೆ ಕೆಡದಿರಲು ಕಾರಣ ಕಾಯಿಸುವಾಗ ಬಿಚ್ಚುವ ನೀರನ್ನೇ ಹೊರಗೆ ಕಳಿಸಿರುವುದು. ನಮ್ಮ ಅಜ್ಜಿಯಂದಿರು ಕೊಬ್ಬಿನ ರಸಾಯನಶಾಸ್ತ್ರ ಓದಿರಲಿಲ್ಲ, ಆದರೆ ಬೆಣ್ಣೆಯನ್ನು ಇಡಬಾರದು, ಕಾಯಿಸಿಡಬೇಕು ಎಂಬ ತೀರ್ಮಾನಕ್ಕೆ ಸರಿಯಾಗಿಯೇ ಬಂದಿದ್ದರು.

ಚಳ್ಳಕೆರೆಯ ಗಾಣ ಮತ್ತು ಎಣ್ಣೆ ಗಿರಣಿಗಳಿಂದ ಬರುವ ಶೇಂಗಾ ಎಣ್ಣೆಯೂ ರಚನೆಯಲ್ಲಿ ಬೆಣ್ಣೆಯ ಕೊಬ್ಬಿನಂತೆಯೇ, ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ. ಆದರೆ ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವು 18 ಇಂಗಾಲಗಳ ಉದ್ದದ ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳು. ಓಲಿಕ್ ಆಮ್ಲದಲ್ಲಿ ಒಂದು ಜಾಗದಲ್ಲಿ, ಲಿನೋಲಿಕ್‌ನಲ್ಲಿ ಎರಡು ಜಾಗಗಳಲ್ಲಿ ಇಂಗಾಲಗಳು ಪರಸ್ಪರ ಜೋಡಿಬಂಧದಿಂದ ಹಿಡಿದುಕೊಂಡಿವೆ, ಆ ಜಾಗದಲ್ಲಿ ಸರಪಣಿ ಮೊಣಕೈಯಂತೆ ಬಾಗಿದೆ. ನೆಟ್ಟನೆಯ ಸೌದೆಗಳನ್ನು ಒತ್ತಾಗಿ ಒಟ್ಟಬಹುದು, ಸೊಟ್ಟ ಸೌದೆಗಳನ್ನು ಒಟ್ಟಲಾಗದು. ಹಾಗೆಯೇ ಬಾಗಿದ ಸರಪಣಿಗಳು ಒತ್ತಾಗಿ ಕೂರಲಾರದೆ ಸಾಧಾರಣ ತಾಪದಲ್ಲೂ ದ್ರವವಾಗಿ ಉಳಿಯುತ್ತವೆ. ಈ ಬಾಗನ್ನು ಜಲಜನಕ ತುಂಬಿ ಬಲವಂತವಾಗಿ ನೆಟ್ಟಗೆ ಮಾಡಿದ್ದೇ ವನಸ್ಪತಿ. ಆ ಕೆಲಸ ಅರೆಬರೆಯಾದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕೆಂದು ಖಚಿತವಾದ ಮೇಲೆ, ಭಾರತದಲ್ಲಿ 2022ರಿಂದ ಎಣ್ಣೆ–ಕೊಬ್ಬುಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ನಿಯಮ ಬಂದಿದೆ. ಹಳೆಯ ಶೇಂಗಾ ಎಣ್ಣೆಗೆ ಬರುವ ಕಮಟು ವಾಸನೆಗೆ ಮಾತ್ರ ನೀರು ಅಷ್ಟಾಗಿ ಕಾರಣವಲ್ಲ. ಅಲ್ಲಿ ಗಾಳಿಯ ಆಮ್ಲಜನಕ ಜೋಡಿಬಂಧದ ಸುತ್ತ ಕಚ್ಚಿರುತ್ತದೆ.

ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ದೊರೆತರೆ ಪಿಷ್ಟ ಮತ್ತು ಪ್ರೋಟೀನುಗಳಿಂದ ಸುಮಾರು 4. ಪಿಷ್ಟದ ಇಂಗಾಲಗಳು ಆಗಲೇ ಆಮ್ಲಜನಕವನ್ನು ಹಿಡಿದುಕೊಂಡಿವೆ, ಅಂದರೆ ಅರ್ಧ ಉರಿದ ಕಟ್ಟಿಗೆಯಂತಿವೆ. ಕೊಬ್ಬಿನ ಇಂಗಾಲಗಳು ಹೆಚ್ಚುಪಾಲು ಜಲಜನಕವನ್ನೇ ಹೊತ್ತಿರುವುದರಿಂದ ಉರಿಯುವುದಕ್ಕೆ ಇನ್ನೂ ಬಹಳ ಉಳಿದಿದೆ. ಆದರೆ ಲಿಪಿಡ್ಡುಗಳ ಅತಿ ಮುಖ್ಯ ಕೆಲಸ ಶಕ್ತಿಯ ದಾಸ್ತಾನಲ್ಲ. ಗ್ಲಿಸರಾಲಿಗೆ ಮೂರನೆಯ ಕೊಬ್ಬಿನಾಮ್ಲದ ಬದಲು ರಂಜಕವುಳ್ಳ ತುಂಡೊಂದನ್ನು ಬೆಸೆದರೆ ಫಾಸ್ಫೋಲಿಪಿಡ್ ಆಗುತ್ತದೆ. ಅದರ ತಲೆಗೆ ನೀರಿನೊಡನೆ ಸ್ನೇಹ, ಎರಡು ಬಾಲಗಳಿಗೆ ನೀರೆಂದರಾಗದು. ಇಂತಹ ಅಣುಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದೆಯೇ ಬಾಲಗಳನ್ನು ಒಳಮುಖ ಮಾಡಿ ಎರಡು ಸಾಲಾಗಿ ನಿಂತು ಪೊರೆಯಾಗುತ್ತವೆ. ಒಂದು ಮಿಲಿಮೀಟರಿನ ಸುಮಾರು ಎರಡು ಲಕ್ಷದ ಒಂದು ಭಾಗದಷ್ಟು ದಪ್ಪದ ಆ ಪೊರೆಯೇ ಜೀವಕೋಶದ ಗಡಿ. ಅದಿಲ್ಲದಿದ್ದರೆ ಒಳಗಿನದಕ್ಕೂ ಹೊರಗಿನದಕ್ಕೂ ಭೇದವೇ ಇರುತ್ತಿರಲಿಲ್ಲ.

ಪಿಷ್ಟದ ಸರದಲ್ಲಿ ಒಂದೇ ಬಗೆಯ ಮಣಿ. ಪ್ರೋಟೀನಿನ ಸರದಲ್ಲಿ ಇಪ್ಪತ್ತು ಬಗೆಯ ಮಣಿಗಳಿವೆ, ಮತ್ತು ಜೀವದ ವೈವಿಧ್ಯವೆಲ್ಲ ಆ ಇಪ್ಪತ್ತರ ಅನುಕ್ರಮದಿಂದ ಹೊರಡುತ್ತದೆ. ಈ ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಪ್ರತಿಯೊಂದಕ್ಕೂ ಒಂದು ತುದಿಯಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಇನ್ನೊಂದು ತುದಿಯಲ್ಲಿ ಆಮ್ಲದ ಗುಂಪು, ನಡುವಿನ ಇಂಗಾಲದಿಂದ ಪಕ್ಕಕ್ಕೆ ಚಾಚಿರುವ ಒಂದು ಕವಲು. ಇಪ್ಪತ್ತೂ ಬೇರೆಯಾಗುವುದು ಈ ಕವಲಿನಲ್ಲಿ. ಒಂದರ ಆಮ್ಲದ ತುದಿಗೂ ಇನ್ನೊಂದರ ಅಮೈನೋ ತುದಿಗೂ ನಡುವಿನಿಂದ ನೀರು ತೆಗೆದರೆ ಬೆಸುಗೆ ಬೀಳುತ್ತದೆ. ಇನ್ಸುಲಿನ್ ಎಂಬ ಚಿಕ್ಕ ಪ್ರೋಟೀನಿನಲ್ಲಿ ಇಂತಹ 51 ಮಣಿಗಳಿವೆ. ಅವುಗಳ ಪೂರ್ತಿ ಅನುಕ್ರಮವನ್ನು 1955ರ ಹೊತ್ತಿಗೆ ಬಿಡಿಸಿದ ಫ್ರೆಡರಿಕ್ ಸ್ಯಾಂಗರ್‌ಗೆ 1958ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಗಳು ಸೇರಿ 574 ಮಣಿಗಳಿವೆ. ಅದರ ಬೀಟಾ ಸರದಲ್ಲಿ ಆರನೆಯ ಜಾಗದಲ್ಲಿರಬೇಕಾದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತರೆ ಕುಡುಗೋಲು ಕಣ ರಕ್ತಹೀನತೆ ಎಂಬ ಕಾಯಿಲೆ ಬರುತ್ತದೆ.

ಅನುಕ್ರಮ ಅಷ್ಟು ಮುಖ್ಯವಾಗಲು ಕಾರಣ, ಸರ ಸರವಾಗಿಯೇ ಉಳಿಯದಿರುವುದು. ನೀರಿನೊಡನೆ ಒಗ್ಗದ ಕವಲುಗಳು ಒಳಕ್ಕೆ ಸರಿಯುತ್ತವೆ, ಒಗ್ಗುವವು ಹೊರಕ್ಕೆ ನಿಲ್ಲುತ್ತವೆ, ವಿರುದ್ಧ ವಿದ್ಯುದಂಶದವು ಪರಸ್ಪರ ಸೆಳೆಯುತ್ತವೆ; ಕೊನೆಗೆ ಪ್ರತಿಯೊಂದು ಪ್ರೋಟೀನೂ ತನ್ನದೇ ಆದ ಮಡಿಕೆಗೆ ಬಂದು ನಿಲ್ಲುತ್ತದೆ. ಈ ಮಡಿಕೆಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ಬಂಧಗಳ ಕೋನಗಳಿಂದಲೇ ಲೆಕ್ಕಹಾಕಿ 1963ರಲ್ಲಿ ನಕ್ಷೆಯಾಗಿ ಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಕೊಲಾಜೆನ್ ಮೂರು ಎಳೆಗಳ ಹುರಿಹಗ್ಗದಂತಿದೆ ಎಂದು 1950ರ ದಶಕದ ನಡುವೆ ಮದ್ರಾಸಿನಲ್ಲಿದ್ದುಕೊಂಡು ತೋರಿಸಿದವರೂ ಅವರೇ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಅದೇ ಸಂಸ್ಥೆಯ ಎರಡನೆಯ ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಇದೆ.

ಹುರಿಹಗ್ಗದಂತಹ ಇನ್ನೊಂದು ಪ್ರೋಟೀನನ್ನು ಚಳ್ಳಕೆರೆಯ ಜನ ಬಹು ಹಿಂದಿನಿಂದ ಹೊದ್ದುಕೊಂಡೇ ಬಂದಿದ್ದಾರೆ. ಕುರಿಯ ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಕೂದಲು, ಉಗುರು, ದನದ ಕೊಂಬೂ ಅದೇ. ಅದರ ಸರಗಳ ನಡುವೆ ಗಂಧಕದ ಅಡ್ಡಬೆಸುಗೆಗಳಿರುವುದರಿಂದ ಉಣ್ಣೆಗೆ ಬಿಗಿಯೂ ಬಳುಕೂ ಬಂದಿವೆ. ಕಂಬಳಿ ನೇಯುವವರು ಹಾಸಿನ ಎಳೆಗಳಿಗೆ ಹುಣಸೆಬೀಜದ ಅಂಟನ್ನು ಹಚ್ಚುತ್ತಾರೆ. ಆ ಅಂಟು ಗ್ಲೂಕೋಸ್ ಮತ್ತದರ ಬಂಧುಸಕ್ಕರೆಗಳ ಸರ, ಅಂದರೆ ಕಾರ್ಬೋಹೈಡ್ರೇಟು. ಪ್ರೋಟೀನಿನ ಎಳೆಗೆ ಸಕ್ಕರೆಯ ಸರದ ಗಂಜಿ ಹಾಕಿದ ವಸ್ತ್ರ ಕಂಬಳಿ. ಎರಡು ಮನೆತನಗಳ ಭೇದವನ್ನು ತಿಳಿಯಲು ಹತ್ತಿಯ ಒಂದು ನೂಲನ್ನೂ ಉಣ್ಣೆಯ ಒಂದು ಎಳೆಯನ್ನೂ ಸುಟ್ಟು ನೋಡಿದರೆ ಸಾಕು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಹಗುರವಾದ ಬೂದಿಯಾಗುತ್ತದೆ. ಉಣ್ಣೆ ಮುದುಡಿಕೊಂಡು, ಕೂದಲು ಸುಟ್ಟ ಕಮಟು ಬೀರಿ, ಒತ್ತಿದರೆ ಪುಡಿಯಾಗುವ ಕರಿ ಗಂಟಾಗುತ್ತದೆ. ಆ ವಾಸನೆ ಸಾರಜನಕ ಮತ್ತು ಗಂಧಕದ್ದು, ಹತ್ತಿಯ ಸೆಲ್ಯುಲೋಸಿನಲ್ಲಿ ಆ ಎರಡೂ ಇಲ್ಲ.

ಪ್ರೋಟೀನುಗಳ ಇನ್ನೊಂದು ಅವತಾರ ಕಿಣ್ವ. ಎರಡು ಅಮೈನೋ ಆಮ್ಲಗಳ ನಡುವಿನ ಬೆಸುಗೆಯನ್ನು ಬರಿಯ ನೀರಿನಲ್ಲಿ ಬಿಟ್ಟರೆ ಅದು ತಾನಾಗಿ ಬಿಡಲು ನೂರಾರು ವರ್ಷಗಳು ಬೇಕು. ನೀರು ಸುತ್ತ ತುಂಬಿದ್ದರೂ ನಮ್ಮ ಮೈ ಕರಗಿಹೋಗದಿರುವುದು ಈ ನಿಧಾನದಿಂದ. ಜಠರ ಮತ್ತು ಕರುಳಿನ ಕಿಣ್ವಗಳು ಅದೇ ಬೆಸುಗೆಯನ್ನು ಹಿಡಿದು, ನೀರಿನ ಅಣುವನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಉದ್ದಿನ ಪ್ರೋಟೀನನ್ನು ಕೆಲವೇ ಗಂಟೆಗಳಲ್ಲಿ ಬಿಡಿ ಮಣಿಗಳಾಗಿಸುತ್ತವೆ. ಇಪ್ಪತ್ತರಲ್ಲಿ ಒಂಬತ್ತು ಮಣಿಗಳನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಪಡೆಯಬೇಕು. ಅಕ್ಕಿಯಲ್ಲಿ ಆ ಒಂಬತ್ತರಲ್ಲೊಂದಾದ ಲೈಸೀನ್ ಕಡಿಮೆ, ಉದ್ದಿನಲ್ಲಿ ಅದು ಸಮೃದ್ಧ. ಉದ್ದಿನಲ್ಲಿ ಗಂಧಕವುಳ್ಳ ಮೆಥಿಯೋನೀನ್ ಕಡಿಮೆ, ಅಕ್ಕಿ ಆ ಕೊರತೆಯನ್ನು ತುಂಬುತ್ತದೆ. ದೋಸೆ ಕೆಂಪಗೆ ಗರಿಗರಿಯಾಗುವ ಜಾಗದಲ್ಲಿ ಎರಡು ಮನೆತನಗಳು ನೇರವಾಗಿ ಕೈಹಿಡಿಯುತ್ತವೆ: ರಾತ್ರಿ ಪಿಷ್ಟದಿಂದ ಬಿಡಿಸಿಕೊಂಡ ಸಕ್ಕರೆಗಳು ಅಮೈನೋ ಗುಂಪುಗಳೊಡನೆ ಕಾವಿನಲ್ಲಿ ಕೂಡಿ, ಇಲ್ಲಿಯೂ ನೀರನ್ನು ಕಳೆದುಕೊಂಡು, ಕಂದುಬಣ್ಣದ ಸುವಾಸನೆಯ ಹೊಸ ಅಣುಗಳಾಗುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ಮಯಾರ್ ಎಂಬಾತನ ಹೆಸರು ಅದಕ್ಕೆ ನಿಂತಿದೆ.

ಮಣಿಗಳ ಅನುಕ್ರಮವನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ನಮ್ಮನ್ನು ನಾಲ್ಕನೆಯ ಮನೆತನಕ್ಕೆ ತರುತ್ತದೆ. 1869ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ಸ್ವಿಟ್ಜರ್ಲೆಂಡಿನ ಯುವಕ, ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಸಾಡಿದ ಬಟ್ಟೆಗಳ ಕೀವಿನಿಂದ ಜೀವಕೋಶಗಳ ನ್ಯೂಕ್ಲಿಯಸ್ಸನ್ನು ಬೇರ್ಪಡಿಸಿ, ಅದರಲ್ಲಿ ರಂಜಕ ತುಂಬಿದ, ಪ್ರೋಟೀನಿನಂತಲ್ಲದ ವಸ್ತುವೊಂದನ್ನು ಕಂಡ. ಅದರ ಮಹತ್ವ ಜಗತ್ತಿಗೆ ಅರಿವಾಗಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ನ್ಯೂಕ್ಲಿಕ್ ಆಮ್ಲಗಳಲ್ಲಿ ಒಂದಾದ ಆ ವಸ್ತುವಿನ ಇಂದಿನ ಹೆಸರು ಡಿಎನ್ಎ. ಅದರ ಒಂದು ಮಣಿಯೆಂದರೆ ಐದು ಇಂಗಾಲದ ಒಂದು ಸಕ್ಕರೆ, ಒಂದು ಫಾಸ್ಫೇಟು, ಮತ್ತು ಅಡೆನಿನ್, ಗ್ವಾನಿನ್, ಸೈಟೋಸಿನ್, ಥೈಮಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳಲ್ಲಿ ಒಂದು. ಕಟ್ಟಿದ ಸರದ ಲೆಕ್ಕ ನೋಡಿದರೆ ಇಲ್ಲಿಯೂ ಪ್ರತಿ ಬೆಸುಗೆಗೆ ಒಂದು ನೀರು ಕಳೆದಿರುತ್ತದೆ. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಎಕ್ಸ್-ರೇ ಚಿತ್ರಗಳ ಆಧಾರ ದೊರೆತ ಮೇಲೆ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದು ಎರಡು ಎಳೆಗಳ ಸುರುಳಿಯೆಂದು, ಒಂದು ಎಳೆಯ ಅಡೆನಿನ್ ಎದುರಿಗೆ ಇನ್ನೊಂದರ ಥೈಮಿನ್, ಗ್ವಾನಿನ್ ಎದುರಿಗೆ ಸೈಟೋಸಿನ್ ನಿಲ್ಲುತ್ತದೆಂದು ತೋರಿಸಿದರು. ಈ ನಾಲ್ಕು ಪ್ರತ್ಯಾಮ್ಲಗಳೇ ಡಿಎನ್ಎಯ ಅಕ್ಷರಗಳು; ಮೂರು ಮೂರು ಅಕ್ಷರಗಳ ಪದಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದೂ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಆ 64 ಪದಗಳ ಅರ್ಥ ಬಿಡಿಸಿದವರಲ್ಲಿ ಹರಗೋವಿಂದ ಖುರಾನಾ ಒಬ್ಬರು, ಅವರಿಗೆ 1968ರ ನೊಬೆಲ್ ಸಂದಿತು.

ಈ ಲಿಪಿ ಅಕ್ಕಿಗೂ ಎಮ್ಮೆಗೂ ಬ್ಯಾಕ್ಟೀರಿಯಾಕ್ಕೂ ಒಂದೇ. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿ, ಮಣ್ಣಿನ ಬ್ಯಾಕ್ಟೀರಿಯಾ ಒಂದರ ವಾಕ್ಯವನ್ನು ಹತ್ತಿಗಿಡ ಸಲೀಸಾಗಿ ಓದಿ, ಕಾಯಿಕೊರಕ ಹುಳುವಿನ ಕರುಳಿಗೆ ಮಾರಕವಾದ ಪ್ರೋಟೀನನ್ನು ತಯಾರಿಸುತ್ತದೆ. ಇನ್ನು ಪುಸ್ತಕದ ದಪ್ಪದಿಂದ ಜೀವಿಯ ಹಿರಿಮೆಯನ್ನು ಅಳೆಯುವವರು ಚಿತ್ರದುರ್ಗ ಜಿಲ್ಲೆಯ ಈರುಳ್ಳಿ ಹೊಲಕ್ಕೆ ಒಮ್ಮೆ ಹೋಗಿಬರಬೇಕು. ಮನುಷ್ಯನ ಒಂದು ಪ್ರತಿ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿದ್ದರೆ, ಈರುಳ್ಳಿಯಲ್ಲಿ ಅದರ ಐದು ಪಟ್ಟು, ಸುಮಾರು 1600 ಕೋಟಿ ಇವೆ. ಅದರ ಬಹುಪಾಲು ಮತ್ತೆ ಮತ್ತೆ ಬರುವ ಒಂದೇ ಬಗೆಯ ಸಾಲುಗಳು. ಅದನ್ನು ಕಣ್ಣಿಂದ ನೋಡುವುದೂ ಕಷ್ಟವಲ್ಲ. ಈರುಳ್ಳಿಯನ್ನು ಅರೆದು, ಉಪ್ಪು ಮತ್ತು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಕಲಸಿ, ಸೋಸಿ, ಸೋಸಿದ ನೀರಿನ ಮೇಲೆ ಫ್ರಿಜ್ಜಿನಲ್ಲಿಟ್ಟು ತಣಿಸಿದ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ಮೆಲ್ಲಗೆ ಸುರಿದರೆ, ಎರಡು ದ್ರವಗಳು ಸೇರುವಲ್ಲಿ ಬಿಳಿಯ ನೂಲಿನಂತಹದು ತೇಲಿಬರುತ್ತದೆ. ಸಾಬೂನು ಫಾಸ್ಫೋಲಿಪಿಡ್ ಪೊರೆಯನ್ನು ಕರಗಿಸಿ ಬಾಗಿಲು ತೆರೆದಿದೆ. ಸ್ಪಿರಿಟ್ಟಿನಲ್ಲಿ ಕರಗಲಾರದ ಡಿಎನ್ಎ ಗುಂಪುಗೂಡಿ ಹೊರಬಂದಿದೆ.

ದೋಸೆಯ ಜೊತೆ ಒಳಹೋದ ಡಿಎನ್ಎ ನಮ್ಮನ್ನು ಅಕ್ಕಿಯನ್ನಾಗಲಿ ಉದ್ದನ್ನಾಗಲಿ ಮಾಡದು, ಏಕೆಂದರೆ ಕರುಳಿನಲ್ಲಿ ಅದರ ಬೆಸುಗೆಗಳೂ ನೀರಿನಿಂದ ಬಿಚ್ಚಿ ವಾಕ್ಯಗಳು ಬಿಡಿ ಅಕ್ಷರಗಳಾಗಿ ಚೆದುರುತ್ತವೆ. ಪ್ರೋಟೀನಿನ ಮಣಿಗಳಿಗೂ ಅದೇ ಗತಿ. ಬೇಕಾದಷ್ಟನ್ನು ದೇಹ ತನ್ನ ಅನುಕ್ರಮದಲ್ಲಿ ಮತ್ತೆ ಪೋಣಿಸಿಕೊಳ್ಳುತ್ತದೆ. ಮಿಕ್ಕವನ್ನು ಕೊಬ್ಬಿನಂತೆ ಕೂಡಿಡಲು ದೇಹದಲ್ಲಿ ಉಗ್ರಾಣವಿಲ್ಲ. ಯಕೃತ್ತು ಅವುಗಳಿಂದ ಸಾರಜನಕವನ್ನು ಕಳಚಿ ಯೂರಿಯಾ ಎಂಬ ಪುಟ್ಟ ಅಣುವಾಗಿಸುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ.

ಈ ಯೂರಿಯಾವೇ ರಸಾಯನಶಾಸ್ತ್ರದಲ್ಲಿ ದೊಡ್ಡ ಗೋಡೆಯೊಂದನ್ನು ಬಿರುಕುಬಿಡಿಸಿದ್ದು. ಜೀವಿಗಳ ಸಂಯುಕ್ತಗಳನ್ನು ಜೀವಶಕ್ತಿಯಿಲ್ಲದೆ ಮಾಡಲಾಗದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1828ರಲ್ಲಿ, ಫ್ರೀಡ್ರಿಶ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾದ ಬಿಳಿ ಹರಳುಗಳನ್ನು ಪಡೆದು, ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡದ ಹಂಗಿಲ್ಲದೆ ತಾನು ಯೂರಿಯಾ ಮಾಡಬಲ್ಲೆನೆಂದು ತನ್ನ ಗುರು ಬರ್ಜೀಲಿಯಸ್‌ಗೆ ಪತ್ರ ಬರೆದ. ಇಂದು ಮುಂಗಾರು ಹಂಗಾಮಿನಲ್ಲಿ ದಾವಣಗೆರೆ, ಜಗಳೂರು, ಹೊಳಲ್ಕೆರೆಯ ರೈತರು ಸರತಿಯಲ್ಲಿ ನಿಂತು ಪಡೆಯುವ 45 ಕಿಲೋ ಚೀಲದಲ್ಲಿರುವುದು ಅದೇ ಅಣು, ಅದರ ತೂಕದ ಶೇ 46 ಸಾರಜನಕ. ಹಸಿ ಮಣ್ಣಿಗೆ ಚೆಲ್ಲಿದ ಹರಳನ್ನು ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವ ನೀರು ಕೊಟ್ಟು ಬಿಚ್ಚುತ್ತದೆ. 1926ರಲ್ಲಿ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯ ಬೀಜದಿಂದ ಮೊತ್ತಮೊದಲಿಗೆ ಹರಳಾಗಿ ಪಡೆದು, ಕಿಣ್ವವೆಂದರೆ ಪ್ರೋಟೀನೇ ಎಂದು ಸಾಧಿಸಿ ತೋರಿಸಿದ ಕಿಣ್ವ ಅದು. ಬಿಡುಗಡೆಯಾದ ಅಮೋನಿಯಾ ಹೆಚ್ಚುಪಾಲು ನೈಟ್ರೇಟಾಗಿ ಮಾರ್ಪಟ್ಟು ಮೆಕ್ಕೆಜೋಳದ ಬೇರಿನೊಳಕ್ಕೆ ಹೋಗುತ್ತದೆ. ಎಲೆಯಲ್ಲಿ ಇಂಗಾಲದ ತುಂಡೊಂದಕ್ಕೆ ಅಂಟಿಕೊಂಡು ಅಮೈನೋ ಆಮ್ಲವಾಗುತ್ತದೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಳಿಗೆ ಇಳಿದು, ನೀರು ಕಳೆದುಕೊಂಡು, ಪ್ರೋಟೀನಿನ ಸರದಲ್ಲಿ ಸೇರಿಕೊಳ್ಳುತ್ತದೆ.